ಹೊರನಾಡಿನ ರೋಗಿಯೂ ಸಂವಿಧಾನದ ಹಕ್ಕೂ

ಹೊಟ್ಟೆಪಾಡಿಗಾಗಿ ಮನುಷ್ಯನು ಹುಟ್ಟಿದ ಊರನ್ನು ಬಿಟ್ಟು ಬರುವುದು ಹೊಸ ಸಂಗತಿಯೇನೂ ಅಲ್ಲ. ನಾಸಿಕದ ಸಮೀಪದ ಓಝರ್‌ನ ವಿಮಾನ ಕಾರ್ಖಾನೆ, ನಾಸಿಕ್ ರೋಡಿನ ನೋಟು ಮುದ್ರಣಾಲಯ, ಛತ್ರಪತಿ ಸಂಭಾಜಿನಗರದ ಚಿಕಲ್‌ಠಾಣಾ ಹಾಗೂ ವಾಳೂಜ್ ಕೈಗಾರಿಕಾ ಪ್ರದೇಶಗಳು ದೇಶದ ನಾನಾ ಭಾಗಗಳ ಜನರಿಗೆ ಅನ್ನ ಕೊಟ್ಟಿವೆ. ಕನ್ನಡ ಜಿಲ್ಲೆಗಳಿಂದ ಬಂದವರೂ ಅವರಲ್ಲಿ ಇದ್ದಾರೆ. ಇಂಜಿನಿಯರು, ಬ್ಯಾಂಕ್ ನೌಕರ, ಹೋಟೆಲಿನ ಮಾಲಿಕ, ಅದೇ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ, ಕಟ್ಟಡ ಕೆಲಸದ ಕೂಲಿಗಾರ, ಇವರೆಲ್ಲರೂ ಹೊರನಾಡ ಕನ್ನಡಿಗರೇ. ಮೈಯಲ್ಲಿ ಕಸುವಿರುವವರೆಗೆ ಇವರಲ್ಲಿ ಯಾರಿಗೂ ತಾವು ಹೊರಗಿನವರೆಂಬ ನೆನಪು ಅಷ್ಟಾಗಿ ಬಾರದು. ಹಾಸಿಗೆ ಹಿಡಿದ ದಿನ ಮಾತ್ರ ಆ ನೆನಪು ತಾನಾಗಿಯೇ ಬರುತ್ತದೆ. ಆಸ್ಪತ್ರೆಯ ಕಿಟಕಿಯಲ್ಲಿ ಕುಳಿತ ಗುಮಾಸ್ತನು ರೋಗವೇನೆಂದು ಕೇಳುವ ಮೊದಲೇ ಪಡಿತರ ಚೀಟಿ ಯಾವ ರಾಜ್ಯದ್ದೆಂದು ಕೇಳುವುದುಂಟು.

ಈ ಪ್ರಶ್ನೆಯು ನೋಡಲು ಸಣ್ಣದು; ಅದರ ಬೇರು ಮಾತ್ರ ಆಳವಾದುದು. ಒಂದು ದೇಶದ ಪ್ರಜೆಯು ಅದೇ ದೇಶದ ಇನ್ನೊಂದು ಭಾಗಕ್ಕೆ ಹೋಗಿ ನೆಲೆಸಿದಾಗ ಅವನ ಹಕ್ಕುಗಳೂ ಅವನ ಜತೆಯಲ್ಲಿ ಗಡಿ ದಾಟುತ್ತವೆಯೆ, ಅಥವಾ ಹುಟ್ಟಿದೂರಿನಲ್ಲಿಯೇ ಉಳಿದುಬಿಡುತ್ತವೆಯೆ? ಆರೋಗ್ಯವನ್ನು ಕುರಿತ ಲೇಖನಗಳಲ್ಲಿ ಪಥ್ಯ, ವ್ಯಾಯಾಮ, ಔಷಧಗಳ ಮಾತು ಸಹಜವಾಗಿಯೇ ಬರುತ್ತದೆ. ಆದರೆ ಆಸ್ಪತ್ರೆಯ ಬಾಗಿಲು ತೆರೆಯದಿದ್ದರೆ ಈ ಯಾವ ತಿಳಿವಳಿಕೆಯೂ ಕೊನೆಯ ಗಳಿಗೆಯಲ್ಲಿ ಉಪಯೋಗಕ್ಕೆ ಬರಲಾರದು. ಆದುದರಿಂದ ಬಾಗಿಲಿನ ವಿಚಾರವೂ ಆರೋಗ್ಯದ ವಿಚಾರವೇ ಆಗಿದೆ.

ಎರಡು ಊರುಗಳ ಹಳೆಯ ಪಾಠ

ಈ ಎರಡು ನಗರಗಳಿಗೂ ಇಂತಹ ಪ್ರಶ್ನೆಯ ಪರಿಚಯ ಹಿಂದಿನಿಂದಲೂ ಇದೆ. ಔರಂಗಾಬಾದ್ ಎಂದು ಕರೆಯಲ್ಪಡುತ್ತಿದ್ದ ಸಂಭಾಜಿನಗರವೂ, ಕನ್ನಡದ ಬೀದರ, ಕಲಬುರಗಿ, ರಾಯಚೂರುಗಳೂ 1956ರ ವರೆಗೆ ಒಂದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದಲ್ಲಿ ಸರ್ಕಾರಿ ನೌಕರಿ ಬೇಕಾದವನು 'ಮುಲ್ಕಿ'ಯಾಗಿರಬೇಕೆಂಬ ನಿಯಮವಿತ್ತು. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಬೇಕಾದರೆ 15 ವರ್ಷ ಅಲ್ಲಿ ನೆಲೆಸಿರಬೇಕಾಗಿತ್ತು. ಮುಲ್ಕಿ ಮತ್ತು ಗೈರ್‌ಮುಲ್ಕಿ ಎಂಬ ಈ ಎರಡು ಶಬ್ದಗಳು ಕಲಬುರಗಿಯ ಹಿರಿಯರಿಗೂ ಮರಾಠವಾಡಾದ ಹಿರಿಯರಿಗೂ ಸಮಾನವಾಗಿ ಗೊತ್ತಿದ್ದವು. 1956ರ ನವೆಂಬರ್ 1ರಂದು ಗೆರೆಗಳು ಬದಲಾದವು; ನಿನ್ನೆಯವರೆಗೆ ಒಂದೇ ರಾಜ್ಯದವರಾಗಿದ್ದವರು ಬೆಳಗಾಗುವುದರೊಳಗೆ ಬೇರೆ ಬೇರೆ ರಾಜ್ಯದವರಾದರು. ಮನುಷ್ಯನು ಇದ್ದಲ್ಲಿಯೇ ಇದ್ದರೂ ಗೆರೆಯೇ ಸರಿದು ಅವನನ್ನು ಹೊರಗಿನವನನ್ನಾಗಿ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾಸಿಕದ ಪಾಠವು ಇನ್ನೂ ಕಠಿಣವಾದುದು. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರ ನಾಯಕತ್ವದಲ್ಲಿ ಅಲ್ಲಿಯ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಆರಂಭವಾಯಿತು. ದಾದಾಸಾಹೇಬ ಗಾಯಕವಾಡರು ಅದನ್ನು ಸ್ಥಳದಲ್ಲಿದ್ದು ವರ್ಷಗಟ್ಟಲೆ ನಡೆಸಿದರು. ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಅದೇ ಜಿಲ್ಲೆಯ ಯೇವಲೆಯಲ್ಲಿ ಡಾ. ಅಂಬೇಡ್ಕರರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ಮುಂದೆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದವರೂ ಅವರೇ. ಆ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಬಿಡಿಬಿಡಿಯಾಗಿ ಹೆಸರಿಸಿ, ಧರ್ಮ, ಜಾತಿ, ಲಿಂಗ ಅಥವಾ ಹುಟ್ಟಿದ ಸ್ಥಳದ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಕೂಡದೆಂದು ವಿಧಿಸಲಾಗಿದೆ. ಬಾಗಿಲಲ್ಲಿ ನಿಂತು ಕಾದವರ ಅನುಭವವು ಆ ಪಟ್ಟಿಯ ಹಿಂದೆ ಇದೆಯೆಂಬುದನ್ನು ಓದುವವರು ಗುರುತಿಸಬಹುದು.

ಆದರೂ ಆ ಪಟ್ಟಿಯಲ್ಲಿ ಒಂದು ತೆರಪು ಉಳಿದಿದೆ. ಅಲ್ಲಿ 'ಹುಟ್ಟಿದ ಸ್ಥಳ' ಎಂಬ ಮಾತಿದೆಯೇ ಹೊರತು 'ವಾಸಸ್ಥಳ' ಎಂಬ ಮಾತಿಲ್ಲ. ಸರ್ಕಾರಿ ನೌಕರಿಗೆ ಸಂಬಂಧಿಸಿದ 16ನೆಯ ಅನುಚ್ಛೇದದಲ್ಲಿ ವಾಸಸ್ಥಳವೂ ಸೇರಿದ್ದು, ಅದರಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಇಡಲಾಗಿದೆ. ಹೀಗಾಗಿ ಆಸ್ಪತ್ರೆ, ಶಾಲೆ, ಸಹಾಯಧನ ಮೊದಲಾದವುಗಳಲ್ಲಿ ಇಲ್ಲಿಯ ನಿವಾಸಿ, ಅಲ್ಲಿಯ ನಿವಾಸಿ ಎಂಬ ಭೇದವು ನುಸುಳಲು ದಾರಿ ಉಳಿಯಿತು. ದಾರಿಯನ್ನು ಮುಚ್ಚುವ ಕೆಲಸವು ನ್ಯಾಯಾಲಯಗಳ ಪಾಲಿಗೆ ಬಂದಿತು.

ಅಮೆರಿಕದ ಒಂದು ತೀರ್ಪು

ಇದೇ ತೊಡಕನ್ನು ಅಮೆರಿಕವು ಮೊದಲೇ ಎದುರಿಸಿದ್ದಿತು. ಅಲ್ಲಿಯ ಸಂವಿಧಾನದಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಹಕ್ಕನ್ನು ಸ್ಪಷ್ಟವಾದ ಶಬ್ದಗಳಲ್ಲಿ ಎಲ್ಲಿಯೂ ಬರೆದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೂಲಿ ಹುಡುಕುತ್ತ ಸಾವಿರಾರು ಬಡವರು ಕ್ಯಾಲಿಫೋರ್ನಿಯಕ್ಕೆ ನಡೆದರು. ನಿರ್ಗತಿಕರನ್ನು ರಾಜ್ಯದೊಳಕ್ಕೆ ಕರೆತರುವುದು ಅಲ್ಲಿ ಶಿಕ್ಷಾರ್ಹ ಅಪರಾಧವಾಗಿತ್ತು. ಟೆಕ್ಸಾಸಿನಿಂದ ತನ್ನ ಹೆಂಡತಿಯ ತಮ್ಮನನ್ನು ಕರೆದುಕೊಂಡು ಬಂದ ಒಬ್ಬನಿಗೆ ಈ ಕಾನೂನಿನ ಮೇರೆಗೆ ಶಿಕ್ಷೆಯಾಯಿತು. 1941ರಲ್ಲಿ ಎಡ್ವರ್ಡ್ಸ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಈ ಕಾನೂನನ್ನು ಒಮ್ಮತದಿಂದ ಅನೂರ್ಜಿತಗೊಳಿಸಿತು. 1969ರ ಶಪೀರೊ ಪ್ರಕರಣದಲ್ಲಿ, ಹೊಸದಾಗಿ ಬಂದವರಿಗೆ ಒಂದು ವರ್ಷದವರೆಗೆ ಸಹಾಯಧನ ಕೊಡಬಾರದೆಂಬ ನಿಯಮಗಳೂ ಬಿದ್ದುಹೋದವು.

ಆಸ್ಪತ್ರೆಯ ಪ್ರಶ್ನೆಯು ನೇರವಾಗಿ ಎದ್ದುದು 1974ರಲ್ಲಿ. ಶ್ವಾಸಕೋಶದ ಹಳೆಯ ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ಬಡವನು 1971ರ ಜೂನ್ ತಿಂಗಳಲ್ಲಿ ನ್ಯೂ ಮೆಕ್ಸಿಕೊ ರಾಜ್ಯದಿಂದ ಅರಿಜೋನದ ಫೀನಿಕ್ಸ್ ನಗರಕ್ಕೆ ಬಂದು ನೆಲೆಸಿದನು. ಮರು ತಿಂಗಳೇ ಉಬ್ಬಸ ಹೆಚ್ಚಿ ಒಂದು ಖಾಸಗಿ ಧರ್ಮಾರ್ಥ ಆಸ್ಪತ್ರೆಯನ್ನು ಸೇರಬೇಕಾಯಿತು. ಅವನನ್ನು ಮ್ಯಾರಿಕೋಪ ಕೌಂಟಿಯ ಸಾರ್ವಜನಿಕ ಆಸ್ಪತ್ರೆಗೆ ವರ್ಗಾಯಿಸಿಕೊಳ್ಳಿರೆಂದು ಆ ಆಸ್ಪತ್ರೆಯವರು ಕೇಳಿದಾಗ, ಇಲ್ಲಿ ಒಂದು ವರ್ಷ ವಾಸಿಸಿಲ್ಲವೆಂಬ ಕಾರಣ ಹೇಳಿ ಕೌಂಟಿಯವರು ನಿರಾಕರಿಸಿದರು. ಹಣ ಉಳಿಯುತ್ತದೆ, ಹೊರಗಿನ ರೋಗಿಗಳು ಬಂದು ಮುತ್ತುವುದಿಲ್ಲ, ತೆರಿಗೆ ಕೊಟ್ಟವರಿಗೆ ಅನುಕೂಲ, ಎಂಬಿವು ಕೌಂಟಿಯ ಸಮಜಾಯಿಷಿಗಳು. ಸರ್ವೋಚ್ಚ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರು ಇವುಗಳಲ್ಲಿ ಒಂದನ್ನೂ ಒಪ್ಪಲಿಲ್ಲ. ವೈದ್ಯಕೀಯ ನೆರವು ಜೀವನದ ಮೂಲಾವಶ್ಯಕತೆ, ಅದನ್ನು ತಡೆಹಿಡಿಯುವುದು ದೇಶದೊಳಗೆ ಓಡಾಡಿ ನೆಲೆಸುವ ಹಕ್ಕಿಗೆ ದಂಡ ವಿಧಿಸಿದಂತೆಯೇ ಸರಿ ಎಂಬುದು ಅವರ ತೀರ್ಮಾನದ ಸಾರ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕದಿದ್ದರೆ ಸಣ್ಣ ಕಾಯಿಲೆಯೇ ಬಲಿತು ಪ್ರಾಣಾಪಾಯವಾಗುವುದೆಂಬ ವೈದ್ಯರ ವಿವೇಕವೂ ಆ ತೀರ್ಪಿನಲ್ಲಿ ಸೇರಿಕೊಂಡಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲ ಕರಿಯ ನ್ಯಾಯಮೂರ್ತಿಯೆನಿಸಿದ ಮಾರ್ಷಲ್ ಅವರಿಗೆ ಮುಚ್ಚಿದ ಬಾಗಿಲುಗಳ ಅರ್ಥವನ್ನು ಬೇರೆಯವರು ವಿವರಿಸಿ ಹೇಳಬೇಕಾಗಿರಲಿಲ್ಲ.

ಹಾಗೆಂದು ಅಮೆರಿಕದಲ್ಲಿ ಎಲ್ಲವೂ ಸರಿಯಿದೆಯೆಂದು ತಿಳಿಯಬೇಕಾದುದಿಲ್ಲ. ಚಿಕಿತ್ಸೆ ಪಡೆಯುವುದು ಅಲ್ಲಿ ಇಂದಿಗೂ ಸಂವಿಧಾನದ ಹಕ್ಕಲ್ಲ. ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ಪರೀಕ್ಷಿಸಿ ಅವನ ಸ್ಥಿತಿಯನ್ನು ಹತೋಟಿಗೆ ತರಬೇಕೆಂಬ ನಿರ್ಬಂಧವು 1986ರ ಒಂದು ಕಾಯ್ದೆಯಿಂದ ಬಂದುದು. ರಾಜ್ಯರಾಜ್ಯಗಳ ಗಡಿಯು ರೋಗಿಗೆ ಅಡ್ಡ ಬರುವ ಭಯವೂ ಪೂರ್ತಿಯಾಗಿ ಹೋಗಿಲ್ಲ. 2022ರಲ್ಲಿ ಡಾಬ್ಸ್ ತೀರ್ಪು ಗರ್ಭಪಾತದ ಸಂವಿಧಾನಾತ್ಮಕ ಹಕ್ಕನ್ನು ತೆಗೆದುಹಾಕಿದ ಮೇಲೆ, ಒಂದು ರಾಜ್ಯದ ಸ್ತ್ರೀಯು ಚಿಕಿತ್ಸೆಗಾಗಿ ಬೇರೆ ರಾಜ್ಯಕ್ಕೆ ಹೋಗುವುದನ್ನು ತಡೆಯಬಹುದೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ತಡೆಯುವಂತಿಲ್ಲವೆಂದು ಅದೇ ತೀರ್ಪಿಗೆ ಸಹಮತ ಬರೆದ ನ್ಯಾಯಮೂರ್ತಿ ಕ್ಯಾವನಾ ಅವರು ಹೇಳಬೇಕಾಯಿತು. ಬರೆಯದ ಹಕ್ಕನ್ನು ಪ್ರತಿ ಪೀಳಿಗೆಯೂ ಹೊಸದಾಗಿ ವಾದಿಸಿ ಉಳಿಸಿಕೊಳ್ಳಬೇಕಾಗುತ್ತದೆಯೆಂಬುದೇ ಇದರ ತಾತ್ಪರ್ಯ.

ಮಂಗಳೂರಿನವರೊಬ್ಬರ ಪಾತ್ರ

ಈ ವಿಷಯದಲ್ಲಿ ಭಾರತವು ಹೆಚ್ಚು ಭಾಗ್ಯಶಾಲಿ. ದೇಶದ ಯಾವ ಭಾಗಕ್ಕಾದರೂ ಹೋಗುವ, ಎಲ್ಲಿಯಾದರೂ ನೆಲೆಸುವ ಹಕ್ಕನ್ನು 19ನೆಯ ಅನುಚ್ಛೇದವು ಸ್ಪಷ್ಟ ಶಬ್ದಗಳಲ್ಲಿ ಕೊಟ್ಟಿದೆ. 21ನೆಯ ಅನುಚ್ಛೇದವು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಈ ಎರಡನೆಯದರ ಚರಿತ್ರೆಯಲ್ಲಿ ಕರಾವಳಿಯವರೊಬ್ಬರ ಪಾತ್ರವಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದಲ್ಲಿರುವ 'ಯುಕ್ತ ನ್ಯಾಯಕ್ರಮ' ಎಂಬ ಮಾತು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರವನ್ನು ಕೊಟ್ಟು, ಅವರ ಮೇಲೆ ಅತಿಯಾದ ಹೊರೆಯನ್ನೂ ಹೊರಿಸುತ್ತದೆಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ತತ್ಪರಿಣಾಮವಾಗಿ ಭಾರತದ ಸಂವಿಧಾನದಲ್ಲಿ 'ಕಾನೂನಿನಿಂದ ಸ್ಥಾಪಿತವಾದ ಕ್ರಮ' ಎಂಬ ಬಿಗಿಯಾದ ಪದಪುಂಜವು ಬಂದಿತು.

ಆ ಬಿಗಿತದ ಫಲವು ಬೇಗನೆ ಕಾಣಿಸಿತು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ. ಕೆ. ಗೋಪಾಲನ್ ಅವರು 1950ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಶಾಸನವೊಂದು ಇದ್ದರೆ ಸಾಕು, ಅದು ನ್ಯಾಯವೋ ಅನ್ಯಾಯವೋ ಎಂದು ನೋಡುವ ಅಗತ್ಯವಿಲ್ಲವೆಂಬ ಅರ್ಥದ ಉತ್ತರ ದೊರೆಯಿತು. ಇದೇ ಗೋಪಾಲನ್ ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಬಂದರು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಬಂಧಿತನು ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನೂ ಕಳೆದುಕೊಂಡನು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ ಮೇನಕಾ ಗಾಂಧಿ ಪ್ರಕರಣದಿಂದ ಗಾಳಿ ತಿರುಗಿತು. ಕ್ರಮವು ನ್ಯಾಯಯುತವೂ ಯುಕ್ತವೂ ಆಗಿರಬೇಕೆಂಬ ತತ್ವ ಸ್ಥಿರವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ತೊಂಬತ್ತರ ಅಂಚಿನ ವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, 1976ರ ತೀರ್ಪನ್ನು ತಪ್ಪೆಂದು ಬದಿಗೆ ಸರಿಸಿತು.

ಜೀವದ ಹಕ್ಕಿನಿಂದ ಚಿಕಿತ್ಸೆಯ ಹಕ್ಕಿಗೆ ಒಂದೇ ಹೆಜ್ಜೆ. 1989ರ ಪರಮಾನಂದ ಕಟಾರಾ ಪ್ರಕರಣದ ಹಿನ್ನೆಲೆಯಲ್ಲಿ, ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನಿದ್ದಾನೆ. ಪೊಲೀಸ್ ಪ್ರಕರಣವೆಂಬ ಕಾರಣಕ್ಕೆ ಸಮೀಪದ ಆಸ್ಪತ್ರೆಯವರು ಅವನನ್ನು 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಕಳುಹಿಸಿದರು. ದಾರಿಯಲ್ಲೇ ಅವನ ಪ್ರಾಣ ಹೋಯಿತು. ಜೀವ ಉಳಿಸುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರ ಮೊದಲ ಕರ್ತವ್ಯವೆಂದೂ, ಉಳಿದ ವಿಧಿವಿಧಾನಗಳು ಅನಂತರ ಬರತಕ್ಕವೆಂದೂ ನ್ಯಾಯಾಲಯ ಆಜ್ಞಾಪಿಸಿತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೃಷಿಕೂಲಿಗಾರನೊಬ್ಬನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಾಸಿಗೆ ಇಲ್ಲವೆಂದು ಹಿಂದಕ್ಕೆ ಕಳುಹಿಸಿದ್ದವು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು 21ನೆಯ ಅನುಚ್ಛೇದದ ಭಂಗವೆಂದು ಪರಿಗಣಿಸಿ 25,000 ರೂಪಾಯಿಗಳ ಪರಿಹಾರ ಕೊಡಿಸಿತು. ಹಣದ ಕೊರತೆಯು ಸರ್ಕಾರಕ್ಕೆ ನೆಪವಾಗಲಾರದೆಂಬ ಮಾತೂ ಅದರಲ್ಲಿದೆ.

ಗಡಿಯಲ್ಲಿ ನಿಂತ ಆಂಬ್ಯುಲೆನ್ಸ್

ಇಷ್ಟೆಲ್ಲ ತೀರ್ಪುಗಳಿದ್ದರೂ 2020ರ ಮಾರ್ಚ್ ಕೊನೆಯಲ್ಲಿ ನಡೆದುದನ್ನು ಕನ್ನಡಿಗರು ಮರೆಯತಕ್ಕದ್ದಲ್ಲ. ಕೊರೊನಾ ರೋಗದ ಭಯದಲ್ಲಿ ಕರ್ನಾಟಕ ಸರ್ಕಾರವು ಕೇರಳದ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿಸಿತು. ತಲಪಾಡಿಯಲ್ಲಿ ಹೆದ್ದಾರಿ ನಿಂತುಹೋಯಿತು. ಕಾಸರಗೋಡಿನವರಿಗೆ ದೊಡ್ಡ ಚಿಕಿತ್ಸೆಯೆಂದರೆ ಮಂಗಳೂರೇ. ಮೂತ್ರಪಿಂಡದ ಡಯಾಲಿಸಿಸ್, ಹೃದ್ರೋಗ, ಹೆರಿಗೆ, ಎಲ್ಲಕ್ಕೂ 50 ಕಿಲೋಮೀಟರ್ ಆಚೆಯ ಆ ನಗರವನ್ನೇ ಅವರು ನಂಬಿದ್ದರು. ಆಂಬ್ಯುಲೆನ್ಸುಗಳನ್ನು ಗಡಿಯಿಂದ ಹಿಂದಕ್ಕೆ ಕಳುಹಿಸಲಾಯಿತು. ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಹಲವರು ತೀರಿಕೊಂಡರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು.

ಕಾಸರಗೋಡು ಜಿಲ್ಲೆಯಲ್ಲಿ ಆಗ ಸೋಂಕು ಹೆಚ್ಚಾಗಿದ್ದುದು ನಿಜ. ಕರ್ನಾಟಕದ ಭಯವು ಕಾರಣವಿಲ್ಲದ್ದೆಂದು ಹೇಳಲಾಗದು. ಆದರೆ ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು, ಚಿಕಿತ್ಸೆಗಾಗಿ ಹೋಗುವವರನ್ನು ತಡೆಯುವುದು 19 ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ಹೇಳಿ ರಸ್ತೆ ತೆರೆಯಿಸಲು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಎರಡು ರಾಜ್ಯಗಳೂ ಒಪ್ಪಂದಕ್ಕೆ ಬಂದುದರಿಂದ ಮುಗಿಯಿತು.

ಇಲ್ಲಿ ನೋವಿನ ಸಂಗತಿಯೊಂದಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಅದು ಕನ್ನಡದ ನೆಲವೆಂದು ಹೇಳಿಕೊಂಡು ಬಂದವರು ಕನ್ನಡಿಗರು. ಅಲ್ಲಿಯ ಕನ್ನಡ ಶಾಲೆಗಳಿಗಾಗಿ, ಕನ್ನಡದ ಕಡತಗಳಿಗಾಗಿ ಹೋರಾಟಗಳು ನಡೆದಿವೆ. ನೆಲದ ಮೇಲಿನ ಅಷ್ಟು ಪ್ರೀತಿಯು ಆ ನೆಲದ ರೋಗಿಯು ಮಂಗಳೂರಿನ ಹಾದಿಯಲ್ಲಿ ನಿಂತಾಗ ಎಲ್ಲಿ ಹೋಯಿತು? ಮಣ್ಣಿನ ದಿಬ್ಬಕ್ಕೆ ಭಾಷೆ ತಿಳಿಯದು. ಒಳಗಿನವರು, ಹೊರಗಿನವರು ಎಂಬ ವಿಭಜನೆಯನ್ನು ಒಮ್ಮೆ ಒಪ್ಪಿಕೊಂಡರೆ ಅದು ಮೊದಲು ತನ್ನವರನ್ನೇ ತಿನ್ನುತ್ತದೆ.

ದೆಹಲಿಯಲ್ಲೂ ಇಂತಹುದೇ ನಡೆಯಿತು. 2018ರಲ್ಲಿ ಅಲ್ಲಿಯ ಗುರು ತೇಗ್ ಬಹಾದೂರ್ ಆಸ್ಪತ್ರೆಯ ನೂರಕ್ಕೆ 80 ಹಾಸಿಗೆಗಳನ್ನು ದೆಹಲಿಯ ನಿವಾಸಿಗಳಿಗೆ ಕಾದಿರಿಸಿದ ಸುತ್ತೋಲೆಯನ್ನು ದೆಹಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. 2020ರ ಜೂನ್‌ನಲ್ಲಿ ದೆಹಲಿ ಸರ್ಕಾರವು ಮತ್ತೆ ಅಂತಹುದೇ ಆಜ್ಞೆ ಹೊರಡಿಸಿದಾಗ ಉಪರಾಜ್ಯಪಾಲರು ಅದನ್ನು ಕೂಡಲೇ ಹಿಂದಕ್ಕೆ ಪಡೆಯಿಸಿದರು.

ಸಂಭಾಜಿನಗರದವರಂತೂ ಆ ವರ್ಷದ ಮೇ 8ನ್ನು ಮರೆಯಲಾರರು. ಜಾಲನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಕೂಲಿಗಾರರು ಊರಿಗೆ ಮರಳಲು ರೈಲ್ವೆ ಹಳಿಯ ಗುಂಟ ನಡೆದು ಬಂದು, ದಣಿದು ಕರಮಾಡ್ ಬಳಿ ಹಳಿಯ ಮೇಲೆಯೇ ಮಲಗಿದರು. ಬೆಳಗಿನ ಜಾವದಲ್ಲಿ ಬಂದ ಸರಕು ರೈಲು ಅವರಲ್ಲಿ 16 ಮಂದಿಯ ಪ್ರಾಣ ತೆಗೆಯಿತು. ನೆಲೆಸುವ ಹಕ್ಕು ಕಾಗದದಲ್ಲಿದ್ದು, ಕೂಲಿ, ರೇಷನ್ನು, ಆಸರೆಗಳು ನೆಲೆಸಿದ ಸ್ಥಳದಲ್ಲಿ ಸಿಕ್ಕದೆ ಹೋದರೆ ಬಡವನು ಹೊರಟು ನಿಲ್ಲುತ್ತಾನೆ. ಆ ತಿಂಗಳ 26ರಂದು ಸರ್ವೋಚ್ಚ ನ್ಯಾಯಾಲಯವು ವಲಸೆಗಾರರ ದುಃಸ್ಥಿತಿಯನ್ನು ಸ್ವಯಂಪ್ರೇರಣೆಯಿಂದ ವಿಚಾರಣೆಗೆ ಎತ್ತಿಕೊಂಡಿತು. ಅಷ್ಟರಲ್ಲಿ ತಡವಾಗಿತ್ತು.

ಸಾಂಕ್ರಾಮಿಕವೂ ನ್ಯಾಯವೂ

ರೋಗ ಹರಡುವಾಗ ಸರ್ಕಾರವು ಕೈಕಟ್ಟಿ ಕುಳಿತಿರಬೇಕೆಂದು ಯಾರೂ ಹೇಳುವುದಿಲ್ಲ. 1905ರ ಜೇಕಬ್ಸನ್ ಪ್ರಕರಣದಲ್ಲಿ, ಸಿಡುಬಿನ ಲಸಿಕೆಯನ್ನು ಒಲ್ಲೆನೆಂದವನಿಗೆ ಐದು ಡಾಲರ್ ದಂಡ ಹಾಕಿದುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಒಬ್ಬನ ಸ್ವಾತಂತ್ರ್ಯವು ಸಮಾಜದ ಆರೋಗ್ಯಕ್ಕೆ ಕುತ್ತಾಗಬಾರದು. ಆದರೆ ಅದಕ್ಕೆ ಐದು ವರ್ಷ ಮುಂಚೆ, 1900ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪ್ಲೇಗಿನ ಹೆಸರಿನಲ್ಲಿ ಚೀನೀಯರ ಕೇರಿಯೊಂದಕ್ಕೇ ದಿಗ್ಬಂಧನ ಹಾಕಿದಾಗ, ರೋಗಕ್ಕಿಂತ ಜನಾಂಗವನ್ನು ನೋಡಿ ಎಳೆದ ಗೆರೆ ಇದೆಂದು ಅಲ್ಲಿಯ ಫೆಡರಲ್ ನ್ಯಾಯಾಲಯವು ಅದನ್ನು ಕಿತ್ತುಹಾಕಿತ್ತು. ಈ ಎರಡು ತೀರ್ಪುಗಳನ್ನು ಕೂಡಿಸಿ ಓದಿದರೆ ಒಳ್ಳೆಯ ಅಳತೆಗೋಲು ಸಿಗುತ್ತದೆ: ನಿರ್ಬಂಧವು ರೋಗವನ್ನು ಹಿಂಬಾಲಿಸಬೇಕು, ಹುಟ್ಟನ್ನಲ್ಲ. ಭಾರತದಲ್ಲಿ ಇನ್ನೂ ಉಳಿದಿರುವ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಮುಂಬಯಿ ಪ್ರಾಂತದ ಪ್ಲೇಗಿನ ಕಾಲದಲ್ಲಿ ಹುಟ್ಟಿದುದು. ಅಧಿಕಾರಿಗಳಿಗೆ ರಕ್ಷಣೆ ಕೊಡುವ ಕಲಮು ಅದರಲ್ಲಿ ಮೊದಲಿನಿಂದಲೂ ಇದೆ. ರೋಗಿಯ ಹಕ್ಕನ್ನು ಹೇಳುವ ಕಲಮನ್ನು ಹುಡುಕಿದರೂ ಸಿಕ್ಕದು.

ಸ್ಥಳೀಯರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಸಂಭಾಜಿನಗರದವರು 'ಘಾಟಿ' ಎಂದು ಕರೆಯುವ ಸರ್ಕಾರಿ ಆಸ್ಪತ್ರೆಗೆ ಮರಾಠವಾಡಾದ ಹಳ್ಳಿಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಇರುವ ಹಾಸಿಗೆಗಳೇ ಸಾಲದೆಂದು ಅವರು ಹೇಳಿದರೆ ಅದು ದ್ವೇಷದ ಮಾತಲ್ಲ, ಕಷ್ಟದ ಮಾತು. ಆದರೆ ಹೊರನಾಡಿನವನು ತೆರಿಗೆ ಕೊಡದವನಲ್ಲ. ಅಂಗಡಿಯಲ್ಲಿ ಕೊಂಡ ಸಾಬೂನಿನಿಂದ ಹಿಡಿದು ಮನೆಯ ಬಾಡಿಗೆಯವರೆಗೆ ಅವನ ಹಣವೂ ಆ ಊರಿನಲ್ಲಿಯೇ ಕರಗುತ್ತದೆ, ಅವನ ದುಡಿಮೆಯೂ ಆ ಊರನ್ನೇ ಕಟ್ಟುತ್ತದೆ. ಹಾಸಿಗೆ ಸಾಲದಿದ್ದರೆ ಹಾಸಿಗೆಯನ್ನು ಹೆಚ್ಚಿಸಬೇಕು, ರೋಗಿಯನ್ನು ಕಡಿಮೆ ಮಾಡುವುದು ಪರಿಹಾರವಲ್ಲ. ವೆಚ್ಚದ ಲೆಕ್ಕವನ್ನು ಎರಡು ರಾಜ್ಯಗಳು ತಮ್ಮೊಳಗೆ ತೀರಿಸಿಕೊಳ್ಳಲಿ. ಆ ಲೆಕ್ಕ ಮುಗಿಯುವವರೆಗೆ ರೋಗಿಯನ್ನು ಹೊರಗೆ ಕೂರಿಸುವುದು ನ್ಯಾಯವಾಗದು.

ಕನ್ನಡಿಗನಿಗೆ ಕನ್ನಡಿ

ಇದೇ ಅಳತೆಯಿಂದ ಕನ್ನಡಿಗರು ತಮ್ಮನ್ನೂ ಅಳೆದುಕೊಳ್ಳಬೇಕಾಗಿದೆ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ ಹೊರನಾಡ ಕನ್ನಡಿಗರು ನಂಬಿದುದು 19ನೆಯ ಅನುಚ್ಛೇದವನ್ನು. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟವು ಖಾಸಗಿ ಉದ್ಯಮಗಳಲ್ಲಿ ಆಡಳಿತ ವರ್ಗದ ನೂರಕ್ಕೆ 50 ಹಾಗೂ ಉಳಿದ ವರ್ಗದ ನೂರಕ್ಕೆ 70 ಹುದ್ದೆಗಳನ್ನು ಸ್ಥಳೀಯರಿಗೆ ಕಾದಿರಿಸುವ ಮಸೂದೆಗೆ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಹರಿಯಾಣದ ಇಂತಹ ಕಾನೂನನ್ನು ಅದರ ಹಿಂದಿನ ವರ್ಷವೇ ಅಲ್ಲಿಯ ಉಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿತ್ತು. ಕನ್ನಡದ ಮಕ್ಕಳಿಗೆ ಕನ್ನಡನಾಡಿನಲ್ಲಿ ಕೆಲಸ ಬೇಕೆಂಬ ಆಸೆ ನ್ಯಾಯವಾದುದೇ. ತರಬೇತಿ, ಭಾಷಾ ಜ್ಞಾನ, ಹಿಂದುಳಿದ ಪ್ರದೇಶಗಳಲ್ಲಿ ಉದ್ಯಮ, ಇಂತಹ ಮಾರ್ಗಗಳಿಂದ ಅದನ್ನು ಸಾಧಿಸಬಹುದು. ಆದರೆ ನಾಸಿಕದಲ್ಲಿ ಸಂವಿಧಾನವನ್ನು ಹಿಡಿದು ನಿಲ್ಲುವವರು ಬೆಂಗಳೂರಿನಲ್ಲಿ ಅದನ್ನು ಕೆಳಗಿಟ್ಟರೆ ಅವರ ಮಾತಿಗೆ ತೂಕ ಉಳಿಯದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯು ಮನೆಯ ಜಗಳಕ್ಕೆ ಸರಿಯೇ ಹೊರತು ಗಣರಾಜ್ಯದ ನೀತಿಗೆ ಸಲ್ಲದು. ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಬಿಹಾರದ ಕೂಲಿಗಾರನ ಹಕ್ಕು ಮತ್ತು ಘಾಟಿಯ ಬಾಗಿಲಲ್ಲಿ ನಿಂತ ಯಾದಗಿರಿಯ ಕೂಲಿಗಾರನ ಹಕ್ಕು ಒಂದೇ ಅನುಚ್ಛೇದದಿಂದ ಬಂದವು.

ಭಾಷೆಯ ತೊಡಕು

ಹೊರನಾಡಿನ ರೋಗಿಗೆ ಇನ್ನೊಂದು ಗೋಡೆಯಿದೆ, ಅದು ಭಾಷೆ. ಮೂವತ್ತು ವರ್ಷ ಮರಾಠಿಯಲ್ಲಿ ವ್ಯವಹರಿಸಿದವರಿಗೂ ನೋವು ಬಂದಾಗ ತಾಯ್ನುಡಿಯೇ ಬಾಯಿಗೆ ಬರುವುದು. ಮಗನ ಮನೆಗೆಂದು ಊರಿನಿಂದ ಬಂದ ಮುದುಕಿಗೆ ತನ್ನ ಎದೆಯುರಿಗೂ ಎದೆನೋವಿಗೂ ಇರುವ ವ್ಯತ್ಯಾಸವನ್ನು ಮರಾಠಿಯಲ್ಲಿ ಹೇಳಲಾಗದು. ಶಸ್ತ್ರಚಿಕಿತ್ಸೆಯ ಮೊದಲು ಕೊಡುವ ಒಪ್ಪಿಗೆ ಪತ್ರಕ್ಕೆ ಅವಳು ಹೆಬ್ಬೆಟ್ಟೊತ್ತುವಳು, ಅದರಲ್ಲೇನಿದೆಯೆಂದು ತಿಳಿಯದೆ. 2008ರ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ರೋಗಿಗೆ ಸಾಕಷ್ಟು ವಿವರ ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಹೇಳುತ್ತದೆ.

ಅಮೆರಿಕದಲ್ಲಿ ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಒದಗಿಸಬೇಕೆಂಬ ಕರ್ತವ್ಯವು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದಲೂ 2010ರ ಆರೋಗ್ಯ ಕಾಯ್ದೆಯಿಂದಲೂ ಬಂದಿದೆ. ಇದಕ್ಕೆ ಪೂರಕವಾಗಿ 2000ದಲ್ಲಿ ಹೊರಡಿಸಿದ ಅಧ್ಯಕ್ಷರ ಆಜ್ಞೆಯೊಂದನ್ನು 2025ರಲ್ಲಿ ಇನ್ನೊಬ್ಬ ಅಧ್ಯಕ್ಷರು ರದ್ದುಪಡಿಸಿದರು. ಕಾಯ್ದೆಗಳು ಮಾತ್ರ ಉಳಿದವು. ಆಳುವವರ ಕೃಪೆಯು ಬರುತ್ತದೆ, ಹೋಗುತ್ತದೆ. ಬರೆದ ಶಾಸನ ಉಳಿಯುತ್ತದೆ.

ಸಂಘಗಳ ಕರ್ತವ್ಯ

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಹಕ್ಕುಗಳ ವಿಷಯದಲ್ಲಿ ಅಕ್ಷರಶಃ ನಿಜ. ಸಂವಿಧಾನವು ಕೊಟ್ಟುದನ್ನು ಕಿಟಕಿಯ ಗುಮಾಸ್ತನು ಕೊಡದಿರಬಹುದು. ಪ್ರತಿಯೊಬ್ಬ ಜ್ವರಪೀಡಿತನೂ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಲಾರನು. ಈ ನಡುವಣ ಅಂತರವನ್ನು ತುಂಬುವ ಕೆಲಸವು ಕನ್ನಡ ಸಂಘಗಳಿಗೆ ಸೇರಿದ್ದು. ರಾಜ್ಯೋತ್ಸವ, ನಾಟಕ, ಸಂಗೀತಗಳಿಂದ ಭಾಷೆ ಉಳಿಯುತ್ತದೆ. ಆದರೆ ಭಾಷೆಯನ್ನಾಡುವ ಜೀವವೂ ಉಳಿಯಬೇಕಷ್ಟೆ.

ಮೊದಲನೆಯದಾಗಿ, ಕಾಗದಪತ್ರಗಳ ವಿಷಯ. ರಾಜ್ಯ ಸರ್ಕಾರಗಳ ಆರೋಗ್ಯ ಯೋಜನೆಗಳು ಸಾಮಾನ್ಯವಾಗಿ ಆಯಾ ರಾಜ್ಯದ ಪಡಿತರ ಚೀಟಿಯನ್ನೋ ನಿವಾಸ ಪ್ರಮಾಣಪತ್ರವನ್ನೋ ಕೇಳುತ್ತವೆ. ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯಾದರೋ 2018ರಲ್ಲಿ ಆರಂಭವಾದಂದಿನಿಂದ, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಕೊಡತಕ್ಕದ್ದು. 2024ರ ಅಕ್ಟೋಬರ್‌ನಿಂದ 70 ವರ್ಷ ತುಂಬಿದ ಹಿರಿಯರು ಆದಾಯದ ಭೇದವಿಲ್ಲದೆ ಅದಕ್ಕೆ ಅರ್ಹರಾಗಿದ್ದಾರೆ. ಪಡಿತರ ಚೀಟಿಯನ್ನು ಯಾವ ರಾಜ್ಯದಲ್ಲಾದರೂ ಬಳಸುವ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಆಜ್ಞಾಪಿಸಿತು. ಈ ಸೌಲಭ್ಯಗಳ ಅರಿವು ಬ್ಯಾಂಕ್ ಅಧಿಕಾರಿಗೆ ಇರಬಹುದು. ಹೋಟೆಲಿನ ಹುಡುಗನಿಗೆ ಇರುವುದಿಲ್ಲ. ಸಂಘದ ಸದಸ್ಯರು ವರ್ಷಕ್ಕೊಂದು ಭಾನುವಾರ ಅವನ ಬಳಿಗೆ ಹೋಗಿ ಕಾಗದಗಳನ್ನು ಮಾಡಿಸಿಕೊಟ್ಟರೆ ಅದು ದೊಡ್ಡ ಸೇವೆ.

ಎರಡನೆಯದಾಗಿ, ಮರಾಠಿ ಮತ್ತು ಕನ್ನಡ ಎರಡೂ ಬಲ್ಲ ನಾಲ್ಕಾರು ಮಂದಿಯ ಹೆಸರುಗಳ ಪಟ್ಟಿಯನ್ನು ಸಂಘಗಳು ಇಟ್ಟುಕೊಂಡು, ಕರೆ ಬಂದಾಗ ಆಸ್ಪತ್ರೆಗೆ ಹೋಗುವ ಏರ್ಪಾಡು ಮಾಡಬಹುದು. ಇದಕ್ಕೆ ಹಣ ಬೇಡ, ಮನಸ್ಸು ಬೇಕು. ಮೂರನೆಯದಾಗಿ, ಎಲ್ಲಿಯಾದರೂ ತುರ್ತು ಚಿಕಿತ್ಸೆಯನ್ನು ನಿರಾಕರಿಸಿದರೆ ದಿನಾಂಕ, ವೇಳೆ, ಕೊಟ್ಟ ಕಾರಣ ಇವುಗಳನ್ನು ಬರೆದಿಟ್ಟು ಲಿಖಿತ ದೂರು ಕೊಡುವ ಅಭ್ಯಾಸ ಬೆಳೆಯಬೇಕು. ಬರೆದ ದೂರಿಗೆ ಇರುವ ಬಲ ಬಾಯಿಮಾತಿನ ಜಗಳಕ್ಕಿಲ್ಲ. ಈ ಸೇವೆಯನ್ನು ಕನ್ನಡಿಗರಿಗೆ ಮಾತ್ರ ಮೀಸಲಿಡದೆ, ಪಕ್ಕದ ಹಾಸಿಗೆಯ ಒಡಿಶಾದವನಿಗೂ ಮರಾಠವಾಡಾದ ರೈತನಿಗೂ ಕೈನೀಡಿದರೆ ಸ್ಥಳೀಯರ ಸದ್ಭಾವನೆಯೂ ತಾನಾಗಿ ದೊರೆಯುತ್ತದೆ.

1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಭಾರತದಲ್ಲಿ ರಾಜ್ಯಕ್ಕೊಂದು ಬೇರೆ ಬೇರೆ ನೆಲೆಯೆಂಬುದಿಲ್ಲ, ಇರುವುದು ಭಾರತವೆಂಬ ಒಂದೇ ನೆಲೆ ಎಂಬ ಅಭಿಪ್ರಾಯವನ್ನು ಹೇಳಿತು. 2025ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ಪ್ರಕರಣವೊಂದರಲ್ಲಿ ಅದನ್ನೇ ಮತ್ತೆ ದೃಢಪಡಿಸಿತು. ವೈದ್ಯನಾಗಬಯಸುವವನಿಗೆ ಸಲ್ಲುವ ಈ ಮಾತು ವೈದ್ಯನ ಮುಂದೆ ಕುಳಿತ ರೋಗಿಗೂ ಸಲ್ಲಬೇಕು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕವು ದೇಶದ ಮೂಲೆಮೂಲೆಗಳ ಜನರನ್ನು ಬರಮಾಡಿಕೊಳ್ಳುತ್ತದೆ; ಗೋದಾವರಿಯಲ್ಲಿ ಮೀಯುವವನ ಊರನ್ನು ಯಾರೂ ಕೇಳುವುದಿಲ್ಲ. ಆಸ್ಪತ್ರೆಯ ಕಿಟಕಿಯಲ್ಲಿಯೂ ಮೊದಲ ಪ್ರಶ್ನೆ 'ಏನು ನೋವು?' ಎಂಬುದಾಗಿರಲಿ. ಊರಿನ ಹೆಸರನ್ನು ಅನಂತರ ಬರೆದುಕೊಳ್ಳಲು ಬೇಕಾದಷ್ಟು ವೇಳೆ ಇರುತ್ತದೆ.